ಶಹಾಬಾದ್ ಕಲ್ಲಿನ ಮೇಲೆ ದಾರಿ ತಪ್ಪಿದ ಡ್ರೋನ್

ನಮ್ಮ ಡ್ರೋನ್ ಗೋಡೆಗೆ ಬಡಿದ ದಿನ ಬ್ಯಾಟರಿ, ಮೋಟರ್, ಕೋಡ್ ಎಲ್ಲದರ ಮೇಲೂ ಅನುಮಾನ ಬಂತು. ನೆಲದ ಮೇಲೆ ಮಾತ್ರ ಯಾರಿಗೂ ಬರಲಿಲ್ಲ.

ನಾವು ಕಲಬುರಗಿಯ ಐದು ಜನ ಇಂಜಿನಿಯರಿಂಗ್ ವಿದ್ಯಾರ್ಥಿಗಳು. ಒಂದು ಡ್ರೋನ್ ಸ್ಪರ್ಧೆಗೆ ತಯಾರಾಗುತ್ತಿದ್ದೇವೆ. ಅದರಲ್ಲಿ ರಿಮೋಟ್ ಮುಟ್ಟುವಂತಿಲ್ಲ, ಜಿಪಿಎಸ್ ಬಳಸುವಂತಿಲ್ಲ. ಡ್ರೋನ್ ತಾನಾಗಿಯೇ ಎದ್ದು, ಸುತ್ತಾಡಿ, ಸಮತಟ್ಟಾದ ಜಾಗ ಹುಡುಕಿ ಇಳಿಯಬೇಕು. ಹಾಗಾಗಿ ಅದರ ಹೊಟ್ಟೆಯ ಕೆಳಗೆ ಒಂದು ಸಣ್ಣ ಕ್ಯಾಮೆರಾ ಕೂರಿಸಿದ್ದೇವೆ. ನೆಲದ ಮೇಲಿನ ಕಲೆ, ಗೆರೆ, ಹರಳುಗಳನ್ನು ಅದು ಗುರುತಿಟ್ಟುಕೊಂಡು, ಮುಂದಿನ ಚಿತ್ರದಲ್ಲಿ ಅವು ಎಷ್ಟು ಸರಿದಿವೆ ಅಂತ ನೋಡುತ್ತದೆ. ಎತ್ತರವನ್ನು ಪಕ್ಕದ ಲೇಸರ್ ಸೆನ್ಸರ್ ಹೇಳುತ್ತದೆ. ಎರಡೂ ಸೇರಿದರೆ ವೇಗ ಸಿಗುತ್ತದೆ. ಇದಕ್ಕೆ ಆಪ್ಟಿಕಲ್ ಫ್ಲೋ ಅಂತಾರೆ.

ನಾವು ಹಾರಿಸುತ್ತಿದ್ದ ಹಾಲ್‌ನ ನೆಲ ಶಹಾಬಾದ್ ಕಲ್ಲು. ನಮ್ಮ ಕಡೆ ಮನೆ ಮನೆಯಲ್ಲೂ ಇರುವಂಥದ್ದೇ, ತುಳಿದು ತುಳಿದು ನುಣ್ಣಗಾದ ಬೂದು ಕಲ್ಲು. ಸಂದುಗಳು ಕಾಣುತ್ತವಲ್ವಾ ಅಂತ ನೀವು ಕೇಳಬಹುದು. ಕಾಣುತ್ತವೆ, ಆದರೆ ಡ್ರೋನ್ ಉದ್ದನೆಯ ಒಂದು ಗೆರೆಯ ಗುಂಟವೇ ಸರಿದರೆ ಗೆರೆ ಮೊದಲಿನ ಹಾಗೇ ಕಾಣುತ್ತದೆ, ಸರಿದದ್ದು ಕ್ಯಾಮೆರಾಗೆ ಗೊತ್ತೇ ಆಗುವುದಿಲ್ಲ. ಮೇಲಿನ ಟ್ಯೂಬ್‌ಲೈಟ್ ಬೇರೆ ನೆಲದಲ್ಲಿ ಹೊಳೆಯುತ್ತಿತ್ತು. ಡ್ರೋನ್ ಹಾರುವಾಗ ತಾನೇ ಬರೆದಿಟ್ಟುಕೊಳ್ಳುವ ದಾಖಲೆ, ಅಂದರೆ ಲಾಗ್ ತೆಗೆದು ನೋಡಿದೆವು. ನೆಲ ಎಷ್ಟು ಚೆನ್ನಾಗಿ ಕಾಣುತ್ತಿದೆ ಅಂತ ಕ್ಯಾಮೆರಾ ಕೊಡುವ ಅಂಕ, ಗೋಡೆಗೆ ಬಡಿಯುವ ಮುಂಚೆಯೇ ತಳ ಕಂಡಿತ್ತು. ನಿಂತಲ್ಲೇ ನಿಂತಿದ್ದೇನೆ ಅಂದುಕೊಂಡು ಡ್ರೋನ್ ಜಾರುತ್ತಲೇ ಹೋಗಿತ್ತು.

ಆ ರಾತ್ರಿ ನನಗೆ ಇಂಜೆನ್ಯುಟಿ ನೆನಪಾಯಿತು. ನಾಸಾ ಮಂಗಳ ಗ್ರಹದಲ್ಲಿ ಹಾರಿಸಿದ, ಬರೀ 1.8 ಕೆಜಿ ತೂಕದ ಹೆಲಿಕಾಪ್ಟರ್. 2021ರ ಏಪ್ರಿಲ್ 19ರಿಂದ ಒಟ್ಟು 72 ಸಲ ಹಾರಿತು. 2024ರ ಜನವರಿ 18ರಂದು ಇಳಿಯುವಾಗ ಅದರ ರೆಕ್ಕೆಗಳು ಮುರಿದವು. ಕೆಳಗೆ ಬರೀ ಮರಳಿನ ಅಲೆಗಳಿದ್ದವು, ಗುರುತು ಹಿಡಿಯಲು ಬೇಕಾದಷ್ಟು ಕಲ್ಲುಗಳಿರಲಿಲ್ಲ, ಅದಕ್ಕೇ ವೇಗದ ಲೆಕ್ಕ ತಪ್ಪಿರಬೇಕು ಅಂತ ತನಿಖೆ ಮಾಡಿದವರು ಹೇಳಿದರು. ಅಷ್ಟು ದೂರದ ಮರಳಿಗೂ ನಮ್ಮ ಹಾಲ್‌ನ ಕಲ್ಲಿಗೂ ಒಂದೇ ಕಾಯಿಲೆ! ಓದಿ ನಿದ್ದೆಯೇ ಬರಲಿಲ್ಲ.

ಮರುವಾರ ಗೆಳೆಯನ ಕಾಕಾ ಅವರ ಹೊಲಕ್ಕೆ ಹೋದೆವು. ನಮ್ಮ ಡ್ರೋನ್ 2 ಕೆಜಿ ಒಳಗಿದೆ, ಡ್ರೋನ್ ಎಲ್ಲಿ ಹಾರಿಸಬಹುದು ಅಂತ ತೋರಿಸುವ ಸರ್ಕಾರದ ಡಿಜಿಟಲ್ ಸ್ಕೈ ನಕ್ಷೆಯಲ್ಲಿ ಆ ಜಾಗ ಹಸಿರು ವಲಯ ಅಂತ ನೋಡಿಕೊಂಡೇ ಹೋದದ್ದು. ತೊಗರಿ ರಾಶಿ ಮುಗಿದು ಎರೆ ಭೂಮಿ ಬಾಯಿ ಬಿಟ್ಟಿತ್ತು. ಬಿರುಕು ಅಂದ್ರೆ ಎಂಥ ಬಿರುಕು, ಒಂದರ ಹಾಗೆ ಇನ್ನೊಂದಿಲ್ಲ! ಬೆಳಿಗ್ಗೆ ಆರೂವರೆಯ ಓರೆ ಬಿಸಿಲಿಗೆ ಒಂದೊಂದು ಬಿರುಕೂ ಕಪ್ಪಗೆ ಎದ್ದು ಕಾಣುತ್ತಿತ್ತು. ಡ್ರೋನ್ ಒಂದೂವರೆ ಮೀಟರ್ ಎತ್ತರದಲ್ಲಿ ಗೂಟ ಹೊಡೆದ ಹಾಗೆ ನಿಂತಿತು. ನಾವು ಐವರೂ ಕೂಗಿದ ಕೂಗಿಗೆ ಬದುವಿನ ಮೇಲಿದ್ದ ಬೆಳ್ಳಕ್ಕಿಗಳು ಹಾರಿಹೋದವು. ಮಧ್ಯಾಹ್ನ ಅಲ್ಲಿ ಹಾರಿಸಬಾರದು ಅನ್ನೋದೂ ಗೊತ್ತಾಯಿತು. ಏಪ್ರಿಲ್‌ನಲ್ಲಿ ಸೂರ್ಯ ನೆತ್ತಿ ಮೇಲೆ ಬಂದಾಗ ಡ್ರೋನಿನ ನೆರಳು ಅದರ ಕೆಳಗೇ ಬಿದ್ದು, ಅದರ ಜೊತೆಗೇ ಸರಿಯುತ್ತದೆ, ಕ್ಯಾಮೆರಾ ಮೋಸ ಹೋಗುತ್ತದೆ. ಬಿಸಿಲಂತೂ ಹೇಳುವುದೇ ಬೇಡ.

ಕಾಕಾ ಬಹಳ ಹೊತ್ತು ನೋಡಿ, "ಇದು ಎಣ್ಣಿ ಹೊಡಿತದೇನೋ ತಮ್ಮಾ?" ಅಂತ ಕೇಳಿದರು. ಬೆಳೆಗೆ ಔಷಧಿ ಸಿಂಪಡಿಸುವುದಕ್ಕೆ ನಮ್ಮ ಕಡೆ ಹಾಗಂತಾರೆ. ಇಲ್ಲ ಕಾಕಾ, ಇದು ಮೊದಲು ನೆಲ ನೋಡಿ ನಡೆಯೋದು ಕಲೀಲಿ ಅಂದೆ.

ಸ್ಪರ್ಧೆಯ ನೆಲ ಹೇಗಿರುತ್ತದೋ ಯಾರಿಗೂ ಹೇಳಿಲ್ಲ. ಅದಕ್ಕೇ ಈಗ ಕೋಡ್ ಬದಲಾಯಿಸಿದ್ದೇವೆ. ಕ್ಯಾಮೆರಾ ಕೊಡುವ ಆ ಅಂಕ ಇಳಿದ ತಕ್ಷಣ ಡ್ರೋನ್ ಮುಂದೆ ಹೋಗುವುದು ಬಿಟ್ಟು ಅರ್ಧ ಮೀಟರ್ ಮೇಲೇರುತ್ತದೆ, ಮೇಲಿಂದ ಜಾಸ್ತಿ ನೆಲ ಕಾಣುತ್ತದಲ್ವಾ. ಇದನ್ನು ಪರೀಕ್ಷಿಸಲು ಏನೂ ಗುರುತಿಲ್ಲದ ನೆಲ ಬೇಕು. ರಾಶಿಗೆ ಹಾಸುವ ಎರಡು ತಾಡಪತ್ರಿ ಕೊಡುತ್ತೇನೆ ಅಂತ ಕಾಕಾ ಹೇಳಿದ್ದಾರೆ. ಭಾನುವಾರ ಬೆಳಿಗ್ಗೆ ಬಿರುಕುಗಳ ಮಧ್ಯೆ ಅವನ್ನು ಹಾಸಿ, ಮೇಲೆ ಹಾರಿಸಿ ನೋಡುತ್ತೇವೆ.