ದುರ್ಗದ ಕೋಟೆಯ ಮ್ಯಾಪಿಗೆ ಪಿನ್ ಹಾಕುವಾಗ

ಚಿತ್ರದುರ್ಗದ ಕೋಟೆಗೆ 19 ಹೆಬ್ಬಾಗಿಲು, 38 ದಿಡ್ಡಿ ಬಾಗಿಲು ಎಂಬ ಲೆಕ್ಕ ಎಲ್ಲ ಕಡೆ ಓದಲು ಸಿಗುತ್ತದೆ. ಅದರ ಮೇಲೆ ಹೊಂಡ, ಕಣಜ, ಬತೇರಿ, ಗುಡಿ, ಎಣ್ಣೆ ಕೊಳ, ಮದ್ದು ಬೀಸುವ ಕಲ್ಲು. ಇದನ್ನೇ ಮ್ಯಾಪ್ ಮಾಡಿಕೊಂಡು ಆನ್‌ಲೈನ್‌ನಲ್ಲಿ ಡಿ ಅಂಡ್ ಡಿ (ಡಂಜನ್ಸ್ ಅಂಡ್ ಡ್ರಾಗನ್ಸ್, ಒಬ್ಬರು ಕಥೆ ನಡೆಸಿ ಉಳಿದವರು ಪಾತ್ರಗಳಾಗಿ ದಾಳ ಉರುಳಿಸುವ ಆಟ) ಆಡಿಸಲು ಕೂತವರು ಕಂಡಕಂಡಲ್ಲೆಲ್ಲ ಪಿನ್ (ಕ್ಲಿಕ್ಕಿಸಿದರೆ ವಿವರ ತೆರೆಯುವ ಗುರುತು) ಹಾಕುತ್ತಾ ಹೋದರೆ ಕೋಟೆಯೇ ಮುಚ್ಚಿಹೋಗುತ್ತದೆ. ಇನ್ನೊಂದು ತೊಂದರೆ ಆಟ ಶುರುವಾದ ಮೇಲೆ ತಿಳಿಯುತ್ತದೆ. ಪಿನ್ ಇದ್ದಲ್ಲಿ ಮಾತ್ರ ಏನೋ ಇದೆ ಎಂದುಕೊಂಡ ಆಟಗಾರರು ತಮ್ಮ ಪಾತ್ರದ ಬಿಲ್ಲೆಗಳಾದ ಟೋಕನ್‌ಗಳನ್ನು ಒಂದು ಪಿನ್‌ನಿಂದ ಇನ್ನೊಂದಕ್ಕೆ ಓಡಿಸುತ್ತಾರೆ. ನಡುವಿನ ಬಂಡೆ, ಗವಿ, ಗೋಡೆ ಯಾರ ಕಣ್ಣಿಗೂ ಬೀಳುವುದಿಲ್ಲ.

ಪಿನ್ ಹಾಕಲು ಬೇಕಾದ ಕ್ಲಿಕ್‌ಗಳನ್ನು ಐದು ನಿಮಿಷದಲ್ಲಿ ಕಲಿಯಬಹುದು. ಯಾರಿಗೆ, ಯಾವಾಗ, ಎಷ್ಟು ಕಾಣಬೇಕು ಎಂದು ತೀರ್ಮಾನಿಸುವುದಕ್ಕೇ ತಲೆ ಓಡಿಸಬೇಕು. ಹೆಚ್ಚಿನ ವಿವರ ಇಂಥ ಆಟ ಆಡಿಸುವ ಫೌಂಡ್ರಿ ತಂತ್ರಾಂಶದ್ದು, 10ನೇ ಆವೃತ್ತಿ ಮತ್ತು ಅದರ ಈಚಿನವು. ಅಂಥದೇ ತಂತ್ರಾಂಶಗಳಾದ ರೋಲ್20, ಔಲ್‌ಬೇರ್ ರೋಡಿಯೊ ಬಗ್ಗೆ ಕೊನೆಗೆ ನಾಲ್ಕು ಮಾತು.

ಮೊದಲು ಚಿತ್ರ ಸರಿಯಾಗಬೇಕು. ಪಿನ್‌ಗಳೆಲ್ಲ ಹಾಕಿ ಮುಗಿದ ಮೇಲೆ ಮ್ಯಾಪಿನ ಅಂಚು ಕತ್ತರಿಸಿ ಹೊಸ ಚಿತ್ರ ಏರಿಸಿದರೆ ಒಂದೂ ಪಿನ್ ಜಾಗದಲ್ಲಿ ಇರುವುದಿಲ್ಲ. ಸೀನಿಗೆ (ಮ್ಯಾಪ್ ಕೂರುವ ಆಟದ ಪರದೆಗೆ) ಗೊತ್ತಿರುವುದು ಪಿಕ್ಸೆಲ್ ಲೆಕ್ಕ ಮಾತ್ರ, ಏಕನಾಥೇಶ್ವರಿ ಗುಡಿ ಎಲ್ಲಿದೆ ಎಂದು ಅದಕ್ಕೆ ಗೊತ್ತಿಲ್ಲ. ಚಿತ್ರ ಕತ್ತರಿಸುವುದು, ಗ್ರಿಡ್ (ಚೌಕಗಳ ಜಾಲ) ಕೂರಿಸುವುದು, ಗೋಡೆ (ನೋಟ ತಡೆಯುವ ಗೆರೆ) ಎಳೆಯುವುದು, ಆಮೇಲೆ ಪಿನ್. ಗ್ರಿಡ್ಡಿಗೆ ಒಂದು ಚೌಕ 100 ಪಿಕ್ಸೆಲ್, ಆಟದ ಲೆಕ್ಕದಲ್ಲಿ 5 ಅಡಿ ಎಂದಿಟ್ಟುಕೊಳ್ಳಿ. ಇಡೀ ಬೆಟ್ಟವನ್ನು ಈ ಅಳತೆಯಲ್ಲಿ ಒಂದೇ ಸೀನಿನಲ್ಲಿ ತುಂಬಲು ಹೋಗಬೇಡಿ. ಬೆಟ್ಟದ ನಕ್ಷೆಗೆ ಒಂದು ಸೀನ್, ಜಗಳ ನಡೆಯುವ ಜಾಗಗಳಿಗೆ ಬೇರೆ ಬೇರೆ ಸೀನ್.

ಇನ್ನು ಪಿನ್. ಬಲಗಡೆಯ ಜರ್ನಲ್ (ಬರಹ ಇಡುವ ಪುಸ್ತಕ) ಪಟ್ಟಿಯಲ್ಲಿ ಹೊಸ ಜರ್ನಲ್ ತೆರೆದು 'ಕೋಟೆ' ಎಂದು ಹೆಸರಿಡಿ. ಅದರೊಳಗೆ ಜಾಗಕ್ಕೊಂದು ಪುಟ ಮಾಡಿ. ಜಾಗಕ್ಕೊಂದು ಜರ್ನಲ್ ಮಾಡುತ್ತಾ ಹೋದರೆ ಪಟ್ಟಿ ಉದ್ದವಾಗಿ ಆಟದ ನಡುವೆ ಹುಡುಕಲು ಆಗುವುದಿಲ್ಲ. ಪುಟದ ಹೆಸರನ್ನು ಹಿಡಿದು ಎಳೆದು ಮ್ಯಾಪ್ ಮೇಲೆ ಬಿಟ್ಟರೆ ಪಿನ್‌ನ ಫಾರಂ ತೆರೆದುಕೊಳ್ಳುತ್ತದೆ. ಐಕಾನ್, ಅದರ ಅಳತೆ, ಬಣ್ಣ, ಲೇಬಲ್, ಫಾಂಟ್, ಲೇಬಲ್ ಯಾವ ಬದಿಗೆ ಬರಬೇಕು ಎನ್ನುವುದೆಲ್ಲ ಅಲ್ಲೇ ಇದೆ. ಪಿನ್ ಮೇಲೆ ಎರಡು ಸಲ ಕ್ಲಿಕ್ಕಿಸಿದರೆ ಪುಟ ತೆರೆಯುತ್ತದೆ. ಒಂದೇ ಪುಟಕ್ಕೆ ಎರಡು ಸೀನಿನಿಂದ ಪಿನ್ ಕೊಡಬಹುದು. ಬರಹ ಒಂದು ಕಡೆ ತಿದ್ದಿದರೆ ಸಾಕು.

ಲೇಬಲ್ ಜಾಗವನ್ನು ಖಾಲಿ ಬಿಡಬೇಡಿ. ಖಾಲಿ ಬಿಟ್ಟರೆ ಫೌಂಡ್ರಿ ಪುಟದ ಹೆಸರನ್ನೇ ಎತ್ತಿ ತೋರಿಸುತ್ತದೆ. ಪುಟಕ್ಕೆ 'ಕಳ್ಳದಾರಿ, ಒಳಗೆ ಬಲೆ' ಎಂದು ಹೆಸರಿಟ್ಟಿದ್ದರೆ, ಬರಹ ಓದಲು ಅನುಮತಿ ಇಲ್ಲದ ಆಟಗಾರನಿಗೂ ಮೌಸ್ ಇಟ್ಟ ಕೂಡಲೇ ಗುಟ್ಟು ರಟ್ಟು.

ಪಿನ್ ಕಾಣ್ತಾ ಇಲ್ಲ ಸಾರ್

ಆಟ ನಡೆಸುವವರು ಅತಿ ಹೆಚ್ಚು ಕೇಳುವ ಮಾತು ಇದು. ಇದಕ್ಕೆ ಕಾರಣಗಳು ನಾಲ್ಕು. ಇದೇ ಕ್ರಮದಲ್ಲಿ ನೋಡಿದರೆ ಬೇಗ ಸಿಗುತ್ತದೆ.

ಮೊದಲನೆಯದು ಆಟಗಾರನ ಕಡೆಯದೇ. ಎಡಗಡೆಯ ಉಪಕರಣಗಳಲ್ಲಿ ಬುಕ್‌ಮಾರ್ಕ್ ಚಿತ್ರದ ಗುಂಡಿ ಒತ್ತಿದರೆ ಪಿನ್‌ಗಳನ್ನು ತೋರಿಸುವ ಸ್ವಿಚ್ ಬರುತ್ತದೆ. ಅದು ಆಫ್ ಆಗಿದ್ದರೆ ಆ ಕಂಪ್ಯೂಟರಿನಲ್ಲಿ ಯಾವ ಪಿನ್ನೂ ಕಾಣುವುದಿಲ್ಲ. ಪ್ರತಿಯೊಬ್ಬರೂ ತಮ್ಮ ತಮ್ಮ ಕಡೆ ಆನ್ ಮಾಡಿಕೊಳ್ಳಬೇಕು, ನೀವು ನಿಮ್ಮ ಕಡೆ ಮಾಡಿದರೆ ಅವರಿಗೆ ಆಗುವುದಿಲ್ಲ.

ಎರಡನೆಯದು ಅನುಮತಿ. ಜರ್ನಲ್ಲಿಗೂ ಪುಟಕ್ಕೂ ಬೇರೆ ಬೇರೆ ಅನುಮತಿ ಕೊಡಬಹುದು, ಹೆಸರಿನ ಮೇಲೆ ಬಲ ಕ್ಲಿಕ್ ಮಾಡಿದರೆ ಸಿಗುತ್ತದೆ. 'ನನ್' (None) ಇದ್ದರೆ ಪಿನ್ ಕಾಣುವುದಿಲ್ಲ. 'ಲಿಮಿಟೆಡ್' ಇದ್ದರೆ ಪಿನ್ನೂ ಲೇಬಲ್ಲೂ ಕಾಣುತ್ತವೆ, ಬರಹ ತೆರೆಯುವುದಿಲ್ಲ. 'ಅಬ್ಸರ್ವರ್' ಇದ್ದರೆ ಬರಹವನ್ನೂ ಓದಬಹುದು. ದೂರದಿಂದ ಕಾಣುವ ಝಂಡಾ ಬತೇರಿಗೆ ಲಿಮಿಟೆಡ್, ಹತ್ತಿ ನಿಂತ ಮೇಲೆ ಅಬ್ಸರ್ವರ್. ಹೀಗೆ ಆಟ ನಡೆದಂತೆ ಮೆಟ್ಟಿಲು ಏರಿಸುವುದು. 'ಓನರ್' ಯಾರಿಗೂ ಬೇಡ. ಸೀಕ್ರೆಟ್ ಎಂದು ಗುರುತು ಮಾಡಿದ ಪ್ಯಾರಾಗಳೂ ಓನರ್‌ಗೆ ಕಾಣಿಸುತ್ತವೆ.

ಮೂರನೆಯದು ದೃಷ್ಟಿ. ಸೀನಿನಲ್ಲಿ ಟೋಕನ್ ವಿಷನ್ ಆನ್ ಇದ್ದರೆ, ಟೋಕನ್‌ಗೆ ಆ ಕ್ಷಣ ಕಾಣುವ ಜಾಗದ ಪಿನ್ ಮಾತ್ರ ತೋರುತ್ತದೆ. ನೋಡಿ ಬಂದ ಜಾಗ ಮಸುಕಾಗಿ ಉಳಿದರೂ ಅಲ್ಲಿನ ಪಿನ್ ಮಾಯ. 'ಆಗಲೇ ಇತ್ತು, ಈಗ ಇಲ್ಲ' ಎಂದು ಆಟಗಾರರು ಗೊಂದಲಪಡುವುದು ಇದರಿಂದಲೇ. ಪಿನ್‌ನ ಫಾರಂನಲ್ಲಿ 'ಗ್ಲೋಬಲ್' ಎಂಬ ಟಿಕ್ ಇದೆ, ಹಾಕಿದರೆ ಗೋಡೆ, ಕತ್ತಲೆ ಯಾವುದೂ ಅಡ್ಡಬರುವುದಿಲ್ಲ. ಬೆಟ್ಟದ ನಕ್ಷೆಯ ಸೀನಿನಲ್ಲಿ ಎಲ್ಲಕ್ಕೂ ಗ್ಲೋಬಲ್ ಇರಲಿ. ಜಗಳದ ಸೀನಿನಲ್ಲಿ ಜಾಗ ಪತ್ತೆಯಾದ ಮೇಲೆ ಮಾತ್ರ ಹಾಕಿ.

ನಾಲ್ಕನೆಯದು ಐಕಾನ್ ಫೈಲು. ಎಸ್‌ವಿಜಿ (ಕೋಡಿನಲ್ಲಿ ಬರೆದ) ಚಿತ್ರದೊಳಗೆ ಅಗಲ, ಎತ್ತರ ಬರೆದಿಲ್ಲದಿದ್ದರೆ ಕ್ರೋಮಿನಲ್ಲಿ ಕಂಡದ್ದು ಫೈರ್‌ಫಾಕ್ಸಿನಲ್ಲಿ ಕಾಣದೆ ಹೋಗಬಹುದು. ಒಬ್ಬರಿಗೆ ಮಾತ್ರ ಪಿನ್ ಕಾಣುತ್ತಿಲ್ಲ ಎಂದರೆ ಅವರು ಯಾವ ಬ್ರೌಸರ್ ಬಳಸುತ್ತಿದ್ದಾರೆ ಎಂದು ಕೇಳಿ. ಆ ಫೈಲನ್ನು ನೋಟ್‌ಪ್ಯಾಡಿನಲ್ಲಿ ತೆರೆದು ಎರಡೂ ಅಳತೆ ಸೇರಿಸಿದರೆ ಸರಿಹೋಗುತ್ತದೆ.

ಒಂದು ಪಿನ್, ಒಳಗೆ ಏನು

ಓಬವ್ವನ ಕಿಂಡಿಯನ್ನೇ ತೆಗೆದುಕೊಳ್ಳಿ. ಹೈದರಾಲಿಯ ಸೈನಿಕರು ಒಬ್ಬೊಬ್ಬರಾಗಿ ತೂರಿ ಬಂದ, ಕಹಳೆ ಮುದ್ದಹನುಮನ ಹೆಂಡತಿ ಒನಕೆ ಹಿಡಿದು ನಿಂತ ಆ ಸಂದು. ನಮ್ಮ ಕಡೆಯ ಆಟಗಾರರಿಗೆ ಕಥೆ ಬಾಯಿಪಾಠ. ಅದಕ್ಕೇ ಹೆಸರಿರುವ ಪಿನ್ ಹಾಕಿದರೆ ಹುಡುಕಾಟ ಅಲ್ಲಿಗೆ ಮುಗಿಯಿತು. ಪಿನ್ 'ನನ್'ನಲ್ಲಿ ಇರಲಿ, ಪತ್ತೆಯಾದ ಮೇಲೆ ಮೇಲೇರಿಸಿ. ಲೇಬಲ್ 'ತಣ್ಣನೆ ಗಾಳಿ' ಎಂದಿಷ್ಟೇ.

ಪುಟದಲ್ಲಿ ಮೊದಲು ಗಟ್ಟಿಯಾಗಿ ಓದಿ ಹೇಳುವ ಎರಡೇ ಸಾಲು: 'ಬಂಡೆಗಳ ನಡುವೆ ಒಬ್ಬರು ಮೈ ಹಿಂಡಿಕೊಂಡು ತೂರುವಷ್ಟು ಸಂದು. ಸುತ್ತ ಪಾಚಿ ಹಸಿರಾಗಿದೆ, ಭುಜ ತಾಗುವ ಎತ್ತರದಲ್ಲಿ ಮಾತ್ರ ಉಜ್ಜಿಹೋಗಿದೆ.' ಅದರ ಕೆಳಗೆ ಸೀಕ್ರೆಟ್ ಪ್ಯಾರಾದಲ್ಲಿ ನಿಮಗೆ ಬೇಕಾದ ಅಂಕಿಗಳು. ಪ್ಯಾಸಿವ್ ಪರ್ಸೆಪ್ಶನ್ (ತಾನಾಗಿ ಗಮನಕ್ಕೆ ಬರುವುದರ ಅಳತೆ), ಅಂದರೆ 10ಕ್ಕೆ ಆಟಗಾರನ ಪರ್ಸೆಪ್ಶನ್ ಬೋನಸ್ ಕೂಡಿಸಿದ್ದು, 15 ಇದ್ದವರಿಗೆ ಕೇಳದೆಯೇ ಕಾಣುತ್ತದೆ. ಉಳಿದವರು ದಾಳ ಉರುಳಿಸಲಿ. ಒಳಗೆ ಹೋಗುವವರಿಗೆ 2014ರ ಐದನೇ ಆವೃತ್ತಿಯ ಇಕ್ಕಟ್ಟಿನ ನಿಯಮ: ಒಂದು ಅಡಿ ನಡೆಯಲು ಎರಡು ಅಡಿ ಖರ್ಚು, ಹೊಡೆಯುವಾಗಲೂ ಚುರುಕಾಗಿ ತಪ್ಪಿಸಿಕೊಳ್ಳುವ ಡೆಕ್ಸ್‌ಟೆರಿಟಿ ಸೇವ್‌ನಲ್ಲೂ ಡಿಸ್‌ಅಡ್ವಾಂಟೇಜ್ (ಎರಡು ದಾಳದಲ್ಲಿ ಕಡಿಮೆ ಬಿದ್ದದ್ದು), ಅವರನ್ನು ಹೊಡೆಯುವವರಿಗೆ ಅಡ್ವಾಂಟೇಜ್ (ಹೆಚ್ಚು ಬಿದ್ದದ್ದು). ಓಬವ್ವನ ಲೆಕ್ಕ ನಿಯಮದ ಪುಸ್ತಕಕ್ಕೂ ಸರಿಹೊಂದುತ್ತದೆ ನೋಡಿ. ಒನಕೆಗೆ ಗ್ರೇಟ್‌ಕ್ಲಬ್‌ನ 1ಡಿ8 (ದೊಡ್ಡ ದೊಣ್ಣೆಗೆ ಕೊಡುವ, ಎಂಟು ಮುಖದ ಒಂದು ದಾಳದ ಪೆಟ್ಟು) ಕೊಟ್ಟರೆ ಧಾರಾಳ.

ಇಷ್ಟು ಸಾಕು. ಕೋಟೆ 1779ರಲ್ಲಿ ಹೈದರಾಲಿಯ ವಶವಾಯಿತು, ಕಡೆಯ ಮದಕರಿ ನಾಯಕ ಸೆರೆಯಾದ ಎಂಬ ಚರಿತ್ರೆಯನ್ನೆಲ್ಲ ಇದೇ ಪುಟಕ್ಕೆ ತುಂಬಿದರೆ ಆಟದ ನಡುವೆ ಬೇಕಾದ ಅಂಕಿ ಸಿಗದೆ ನೀವೇ ಸ್ಕ್ರೋಲ್ ಮಾಡುತ್ತಾ ಕೂರಬೇಕು. ಚರಿತ್ರೆಗೆ ಬೇರೆ ಪುಟ ಮಾಡಿ ಕೊಂಡಿ ಕೊಡಿ.

12ನೇ ಆವೃತ್ತಿಯಿಂದ ಸೀನಿನಲ್ಲಿ ರೀಜನ್ ಎಂಬ ಸೌಲಭ್ಯ ಬಂದಿದೆ. ಕಿಂಡಿಯ ಹೊರಬಾಯಿಯ ಮೇಲೊಂದು, ಒಳಬಾಯಿಯ ಮೇಲೊಂದು ರೀಜನ್ ಎಳೆದು ಟೆಲಿಪೋರ್ಟ್ ಜೋಡಿಸಿದರೆ, ಟೋಕನ್ ಒಂದರ ಮೇಲೆ ಹೆಜ್ಜೆಯಿಟ್ಟಾಗ ಇನ್ನೊಂದರಲ್ಲಿ ಏಳುತ್ತದೆ. ಒಳಗಿನದು ಬೇರೆ ಸೀನಾದರೂ ನಡೆಯುತ್ತದೆ. ಪಿನ್ ಪಕ್ಕದ ಚೌಕದಲ್ಲಿರಲಿ. ರೀಜನ್ ಮೇಲೆಯೇ ಇಟ್ಟರೆ ಓದಲು ಹೋದವರು ಟೋಕನ್ ಅಲ್ಲಿಗೇ ಎಳೆದು ಒಳಗೆ ಬಿದ್ದುಬಿಡುತ್ತಾರೆ.

ಪಿನ್‌ಗಳನ್ನು ಒಂದಕ್ಕೊಂದು ಹೆಣೆಯಲು ದುರ್ಗದ ನೀರಿನ ವ್ಯವಸ್ಥೆಗಿಂತ ಒಳ್ಳೆಯ ಜಾಗ ಸಿಗುವುದು ಕಷ್ಟ. ಮೇಲಿನ ಗೋಪಾಲಸ್ವಾಮಿ ಹೊಂಡ ತುಂಬಿದರೆ ನೀರು ಅಕ್ಕ ತಂಗಿ ಹೊಂಡಕ್ಕೆ, ಅಲ್ಲಿಂದ ಕೆಳಗೆ ಊರಿನ ಸಿಹಿನೀರು ಹೊಂಡ, ಸಂತೆ ಹೊಂಡದ ಕಡೆಗೆ. ಮೇಲಿನ ಹೊಂಡಕ್ಕೆ ಯಾರೋ ವಿಷ ಬೆರೆಸಿದ್ದಾರೆ ಎಂದು ಕಥೆ ಕಟ್ಟಿ. ಸಂತೆ ಹೊಂಡದ ಪುಟದಲ್ಲಿ 'ಮೀನು ತೇಲುತ್ತಿವೆ, ನೀರು ಬರುವ ಬಾಯಿಯ ಕಡೆಗೇ ಹೆಚ್ಚು' ಎಂಬ ಸಾಲು, ಅದರಲ್ಲಿ ಮೇಲಿನ ಹೊಂಡದ ಪುಟಕ್ಕೆ ಕೊಂಡಿ. ಪುಟವನ್ನು ಎಳೆದು ಬರಹದೊಳಗೆ ಬಿಟ್ಟರೆ ಕೊಂಡಿ ತಾನಾಗಿ ಮೂಡುತ್ತದೆ. ಆದರೆ ಕೊಂಡಿಯಲ್ಲಿ ಆ ಪುಟದ ಹೆಸರೇ ಬರುತ್ತದೆ. ಬೇಡವಾದರೆ ಕೊಂಡಿಯ ಕೊನೆಯ ಆವರಣದೊಳಗಿನ ಅಕ್ಷರ ಬದಲಿಸಿ. ಆಟಗಾರರು ಬೆಟ್ಟ ಹತ್ತುವ ದಾರಿಯನ್ನು ಪಿನ್‌ಗಳೇ ಹೇಳಿಕೊಡುತ್ತವೆ, ನೀವು ಬಾಯಿ ಬಿಡಬೇಕಾಗಿಲ್ಲ.

ಕನ್ನಡ ಲೇಬಲ್ಲಿಗೊಂದು ವಿಶೇಷ ಕಾಟವಿದೆ. ಫೌಂಡ್ರಿಯ ಮೂಲ ಫಾಂಟ್ ಸಿಗ್ನಿಕಾದಲ್ಲಿ ಕನ್ನಡ ಅಕ್ಷರಗಳೇ ಇಲ್ಲ, ಹಾಗಾಗಿ ಅವರವರ ಕಂಪ್ಯೂಟರಿನಲ್ಲಿ ಯಾವ ಕನ್ನಡ ಫಾಂಟ್ ಇದೆಯೋ ಅದೇ ಬರುತ್ತದೆ. ಒಬ್ಬರಿಗೆ ಚೆಂದ ಕಂಡದ್ದು ಇನ್ನೊಬ್ಬರಿಗೆ ಸಣ್ಣಗೆ ಕಾಣಬಹುದು. ಸೆಟ್ಟಿಂಗಿನಲ್ಲಿ ಹೆಚ್ಚುವರಿ ಫಾಂಟ್ ಸೇರಿಸುವ ಜಾಗವಿದೆ. ನೋಟೊ ಸಾನ್ಸ್ ಕನ್ನಡ ಅಥವಾ ಬಾಲೂ ತಮ್ಮ 2 ಏರಿಸಿ, ಪ್ರತಿ ಪಿನ್‌ನಲ್ಲೂ ಅದನ್ನೇ ಆರಿಸಿ. ಇಷ್ಟಾದರೂ 'ಸಿದ್ಧೇಶ್ವರ'ದ ಒತ್ತಕ್ಷರದ ಬಾಲ ಕೆಲವೊಮ್ಮೆ ಕತ್ತರಿಸಿಹೋಗುತ್ತದೆ, ಏಕೆಂದರೆ ಅಕ್ಷರದ ಎತ್ತರವನ್ನು ಫೌಂಡ್ರಿ ಇಂಗ್ಲಿಷ್ ಅಕ್ಷರಗಳಿಂದ ಅಳೆಯುತ್ತದೆ. ಒತ್ತು ಕಡಿಮೆ ಇರುವ ಚಿಕ್ಕ ಲೇಬಲ್ ಬರೆಯುವುದೇ ಸುಲಭ ದಾರಿ: 'ಗರಡಿ', 'ಕಣಜ', 'ಹೊಂಡ'.

ಐಕಾನ್ ವಿಷಯದಲ್ಲಿ ದುಂದು ಮಾಡುವವರು ಬಹಳ. 40 ಪಿಕ್ಸೆಲ್‌ಗೆ ತೋರಿಸುವ ಪಿನ್‌ಗೆ 1024 ಪಿಕ್ಸೆಲ್ ಚಿತ್ರ ಹಾಕಿದರೆ ಗ್ರಾಫಿಕ್ಸ್ ಮೆಮೊರಿಯಲ್ಲಿ ಒಂದೊಂದೂ 4 ಎಂಬಿ ತಿನ್ನುತ್ತದೆ. ಫೈಲು ವೆಬ್‌ಪಿ ಆಗಿ ಎಷ್ಟೇ ಚಿಕ್ಕದಿದ್ದರೂ ತೆರೆದ ಮೇಲೆ ಲೆಕ್ಕ ಅದೇ. 128 ಪಿಕ್ಸೆಲ್ ಸಾಕು. ಮ್ಯಾಪಿಗೂ ಇದೇ ಮಾತು: 4000ಕ್ಕೆ 4000 ಆದರೆ 64 ಎಂಬಿ, 8000ಕ್ಕೆ 8000 ಆದರೆ 256 ಎಂಬಿ. ದಾವಣಗೆರೆಯ ಹಾಸ್ಟೆಲಿನಲ್ಲಿ ಹಳೇ ಲ್ಯಾಪ್‌ಟಾಪು, ಮೊಬೈಲ್ ಹಾಟ್‌ಸ್ಪಾಟ್ ಇಟ್ಟುಕೊಂಡು ಆಡುವವರಿಗೆ ಎರಡೂ ಹೊರೆ, ಫೈಲಿನ ಗಾತ್ರ ನೆಟ್ಟಿಗೆ, ಪಿಕ್ಸೆಲ್ ಗಾತ್ರ ಲ್ಯಾಪ್‌ಟಾಪಿಗೆ. ಬಣ್ಣವೊಂದನ್ನೇ ನಂಬಬೇಡಿ. ಕೆಂಪು, ಹಸಿರು ಬೇರೆಯಾಗಿ ಕಾಣದವರು ಇರುತ್ತಾರೆ, ಆಕಾರವೂ ಬೇರೆ ಇರಲಿ. ಫೋನಿನಲ್ಲಿ ಫೌಂಡ್ರಿ ತೆರೆಯುವವರಿಗೆ ಮೌಸ್ ಇಲ್ಲ, ಮೌಸ್ ಇಟ್ಟರೆ ಮಾತ್ರ ತೋರುವ ಲೇಬಲ್ ಅವರಿಗೆ ಸಿಗುವುದಿಲ್ಲ.

ರೋಲ್20ಯಲ್ಲಿ ಹಳೆಯ ಉಪಾಯ ಈಗಲೂ ನಡೆಯುತ್ತದೆ. ಚಿಕ್ಕ ಚಿತ್ರವೊಂದನ್ನು ಟೋಕನ್ ಮಾಡಿ, ಆಟ ನಡೆಸುವವರಿಗೆ ಮಾತ್ರ ಕಾಣುವ ಜಿಎಂ ಲೇಯರ್‌ನಲ್ಲಿ ಇಡಿ, ಪತ್ತೆಯಾದಾಗ ಬಲ ಕ್ಲಿಕ್ ಮಾಡಿ ಟೋಕನ್ ಲೇಯರ್‌ಗೆ ತನ್ನಿ. ಬರಹ ಆಟಗಾರರಿಗೆ ತೋರಿಸುವ ಹ್ಯಾಂಡ್‌ಔಟ್‌ನಲ್ಲಿ, ಗುಟ್ಟಿನ ಭಾಗ ಅದರ ಜಿಎಂ ನೋಟ್ಸ್‌ನಲ್ಲಿ. ಔಲ್‌ಬೇರ್ ಇನ್ನೂ ಸರಳ: ಚಿತ್ರ ಇಟ್ಟು, ಕಣ್ಣಿನ ಗುಂಡಿಯಿಂದ ಮರೆಮಾಡಿ, ಬೀಗದ ಗುಂಡಿಯಿಂದ ಕದಲದಂತೆ ಮಾಡಿ. ಬೀಗ ಮರೆತರೆ ಯಾರಾದರೂ ಎಳೆದಾಡುವುದು ಖಂಡಿತ. ಒಂದು ಕ್ಷಣಕ್ಕೆ 'ಇಲ್ಲಿ ನೋಡಿ' ಎನ್ನಲು ಮಾತ್ರವಾದರೆ ಪಿನ್ ಯಾಕೆ? ಫೌಂಡ್ರಿ, ರೋಲ್20 ಎರಡರಲ್ಲೂ ಎಡಗುಂಡಿ ಒತ್ತಿ ಹಿಡಿದರೆ ಪಿಂಗ್ (ಕ್ಷಣಕಾಲ ಮಿನುಗುವ ಗುರುತು) ಬರುತ್ತದೆ. ಆಟ ನಡೆಸುವವರು ಶಿಫ್ಟ್ ಸೇರಿಸಿ ಒತ್ತಿದರೆ ಎಲ್ಲರ ಪರದೆಯೂ ಅಲ್ಲಿಗೇ ಸರಿಯುತ್ತದೆ.

ಆಟದ ಹಿಂದಿನ ದಿನ ಇನ್ನೊಂದು ಬ್ರೌಸರ್ ತೆರೆದು ಆಟಗಾರನ ಹೆಸರಿನಲ್ಲಿ ಒಳಗೆ ಹೋಗಿ ನೋಡಿ. ಅದೇ ಬ್ರೌಸರಿನ ಇನ್ನೊಂದು ಟ್ಯಾಬ್ ಆಗುವುದಿಲ್ಲ, ಲಾಗಿನ್ ಕಲಸಿಹೋಗುತ್ತದೆ. ಟೋಕನ್ ಅನ್ನು ದಾರಿಯುದ್ದಕ್ಕೂ ನಡೆಸಿ, ಯಾವ ಪಿನ್ ಎಲ್ಲಿ ಕಾಣುತ್ತದೆ, ಕ್ಲಿಕ್ಕಿಸಿದರೆ ಏನು ತೆರೆಯುತ್ತದೆ ಎಂದು ಗಮನಿಸಿ. ಆಟ ಮುಗಿದ ಮೇಲೆ ಬೇಡದ ಪಿನ್‌ಗಳನ್ನು ಧೈರ್ಯವಾಗಿ ಅಳಿಸಿ. ಪಿನ್ ಹೋದರೂ ಜರ್ನಲ್ ಪುಟ ಹಾಗೇ ಇರುತ್ತದೆ, ಕೊಟ್ಟ ಅನುಮತಿಯೂ ಹಾಗೇ ಇರುತ್ತದೆ. ಅದೇ ಕೋಟೆಯನ್ನು ಬೇರೆ ತಂಡಕ್ಕೆ ಆಡಿಸುವ ಮೊದಲು ಆ ಅನುಮತಿಗಳನ್ನು ಒಂದೊಂದಾಗಿ 'ನನ್'ಗೆ ಇಳಿಸಿ.