ಸತ್ಯವೇದದ ವಚನ ಮೊದಲು ಯಾರಿಗೆ ಬರೆದದ್ದು?

ಸತ್ಯವೇದದ, ಅಂದರೆ ಬೈಬಲಿನ, ವ್ಯಾಖ್ಯಾನಕ್ಕೂ ಕೆಲವು ನಿಯಮಗಳಿವೆ ಎಂದು ಹೇಳಿದರೆ ಅದನ್ನು ಭಕ್ತಿಯಿಂದ ಓದುವ ಅನೇಕರಿಗೆ ತುಸು ಇರುಸುಮುರುಸಾಗುತ್ತದೆ. ಪ್ರಾರ್ಥಿಸಿ ಪುಸ್ತಕ ತೆರೆದವನಿಗೆ ಪವಿತ್ರಾತ್ಮನೇ ಅರ್ಥವನ್ನು ತಿಳಿಸಿಕೊಡುವಾಗ ನಡುವೆ ವ್ಯಾಕರಣ, ಇತಿಹಾಸ, ಸಾಹಿತ್ಯಪ್ರಕಾರ ಎಂಬ ಮಾತುಗಳೇಕೆ ಎಂಬುದು ಅವರ ಆಕ್ಷೇಪ. ಇದಕ್ಕೆ ಉತ್ತರ ಹುಡುಕಿಕೊಂಡು ದೂರ ಹೋಗಬೇಕಾಗಿಲ್ಲ. ಬಾಬೆಲಿನ ಸೆರೆಯಿಂದ ಹಿಂದಿರುಗಿದ ಜನರ ಮುಂದೆ ಧರ್ಮಶಾಸ್ತ್ರವನ್ನು ಓದಿದಾಗ ದೇವಾಲಯದ ಸೇವೆಗೆ ನೇಮಕವಾದ ಕುಲದವರಾದ ಲೇವಿಯರು ಅದನ್ನು ವಿವರಿಸಿ ಎಲ್ಲರಿಗೂ ತಿಳಿಯುವಂತೆ ಮಾಡಿದರೆಂದು ನೆಹೆಮೀಯನ ಗ್ರಂಥದ 8ನೆಯ ಅಧ್ಯಾಯ ಹೇಳುತ್ತದೆ. ರಥದಲ್ಲಿ ಕುಳಿತು ಯೆಶಾಯನ ಪ್ರವಾದನೆಯನ್ನು ಓದುತ್ತಿದ್ದ ಐಥಿಯೋಪ್ಯದ ಅಧಿಕಾರಿಯು, ಯಾರಾದರೂ ದಾರಿ ತೋರಿಸದಿದ್ದರೆ ತನಗೆ ಹೇಗೆ ತಿಳಿದೀತು ಎಂದು ಫಿಲಿಪ್ಪನನ್ನು ಕೇಳುತ್ತಾನೆ. ಪೌಲನ ಪತ್ರಿಕೆಗಳಲ್ಲಿ ತಿಳಿಯಲು ಕಷ್ಟವಾದ ಮಾತುಗಳಿವೆ ಎಂದು ಪೇತ್ರನ ಎರಡನೆಯ ಪತ್ರಿಕೆಯೇ ಒಪ್ಪಿಕೊಳ್ಳುತ್ತದೆ.

ಈ ನಿಯಮಗಳನ್ನು ಕಲಿಯುತ್ತ ಹೋದಂತೆ ನನಗೆ ಮನವರಿಕೆಯಾದ ಸಂಗತಿಯೆಂದರೆ, ಅವುಗಳ ಮುಖ್ಯ ಕೆಲಸ ತಡೆಯುವುದು. ಒಂದು ವಚನದಲ್ಲಿ ನಮಗೆ ಬೇಕಾದ ಅರ್ಥವನ್ನೆಲ್ಲ ಕಾಣುವ ನಮ್ಮ ಚಾಳಿಗೆ ಅವು ಕಡಿವಾಣ ಹಾಕುತ್ತವೆ. ಅವುಗಳಲ್ಲಿ ಮೊದಲನೆಯದು ಸರಳವಾದ ಒಂದು ಪ್ರಶ್ನೆ: ಈ ಮಾತು ನನಗೆ ಏನು ಹೇಳುತ್ತದೆ ಎಂದು ಕೇಳುವ ಮೊದಲು, ಇದನ್ನು ಯಾರು, ಯಾರಿಗೆ, ಯಾವ ಸನ್ನಿವೇಶದಲ್ಲಿ ಹೇಳಿದರು?

ಯೆರೆಮೀಯ 29:11 ಇದಕ್ಕೆ ತಕ್ಕ ಉದಾಹರಣೆ. ನಿಮ್ಮ ವಿಷಯದಲ್ಲಿ ನನಗಿರುವ ಆಲೋಚನೆಗಳು ಹಿತದವು, ನಿಮಗೆ ಒಳ್ಳೆಯ ಭವಿಷ್ಯವನ್ನೂ ನಿರೀಕ್ಷೆಯನ್ನೂ ಕೊಡುವವು ಎಂಬ ಅಭಿಪ್ರಾಯದ ಈ ವಚನವನ್ನು ಗೋಡೆಯ ಫಲಕಗಳಲ್ಲಿಯೂ ಶುಭಾಶಯ ಪತ್ರಗಳಲ್ಲಿಯೂ ಕಾಣದವರು ವಿರಳ. ಪರೀಕ್ಷೆ, ಉದ್ಯೋಗ, ಮದುವೆ ಎಂದು ಎಲ್ಲ ಸಂದರ್ಭಗಳಿಗೂ ಇದನ್ನು ಅನ್ವಯಿಸುತ್ತಾರೆ. ಆದರೆ ಆ ಅಧ್ಯಾಯದ ಮೊದಲ ವಚನದಿಂದ ಓದತೊಡಗಿದರೆ ನಮ್ಮ ಕೈಯಲ್ಲಿರುವುದು ಒಂದು ಪತ್ರ ಎಂಬುದು ತಿಳಿಯುತ್ತದೆ. ಅರಸನಾದ ಯೆಕೊನ್ಯನೊಡನೆ ಕ್ರಿ.ಪೂ. 597ರಲ್ಲಿ ಬಾಬೆಲಿಗೆ ಸೆರೆಹೋದವರಿಗೆ ಯೆರೆಮೀಯನು ಯೆರೂಸಲೇಮಿನಿಂದ ಅದನ್ನು ಬರೆದು, ಯೆಹೂದದ ಅರಸ ಚಿದ್ಕೀಯನು ಬಾಬೆಲಿನ ಅರಸ ನೆಬೂಕದ್ನೆಚ್ಚರನ ಬಳಿಗೆ ಕಳುಹಿಸುತ್ತಿದ್ದ ದೂತರ ಕೈಯಲ್ಲಿ ಕೊಟ್ಟಿದ್ದಾನೆ. ಪತ್ರದ ಮೊದಲ ಸೂಚನೆಗಳು ಸಾಂತ್ವನದಂತೆ ಕೇಳಿಸುವುದೇ ಇಲ್ಲ: ಮನೆಗಳನ್ನು ಕಟ್ಟಿಕೊಳ್ಳಿರಿ, ತೋಟಗಳನ್ನು ಮಾಡಿರಿ, ಮಕ್ಕಳಿಗೆ ಮದುವೆ ಮಾಡಿರಿ, ನಿಮ್ಮನ್ನು ಸೆರೆಗೆ ಒಯ್ದ ಆ ಪಟ್ಟಣದ ಕ್ಷೇಮಕ್ಕಾಗಿ ಪ್ರಾರ್ಥಿಸಿರಿ. ಹತ್ತನೆಯ ವಚನದಲ್ಲಿ, ಬಾಬೆಲಿಗೆ ಎಪ್ಪತ್ತು ವರ್ಷ ತುಂಬಿದ ಮೇಲೆಯೇ ಬಿಡುಗಡೆ ಎಂಬ ಮಾತು ಬರುತ್ತದೆ. ನಾವು ಫಲಕದಲ್ಲಿ ಬರೆಸುವ ವಚನ ಅದರ ಮರುವಚನ. ಅಂದರೆ, ಆ ವಾಗ್ದಾನವನ್ನು ಮೊದಲು ಕೇಳಿಸಿಕೊಂಡ ವಯಸ್ಕರಲ್ಲಿ ಬಹುಪಾಲು ಜನರು ಅದು ನೆರವೇರುವುದನ್ನು ಕಾಣದೆ ಬಾಬೆಲಿನಲ್ಲಿಯೇ ಸಾಯಬೇಕಾಗಿತ್ತು.

ಹಿಂದಿನ ಅಧ್ಯಾಯವನ್ನೂ ಸೇರಿಸಿ ಓದಿದರೆ ಚಿತ್ರ ಮತ್ತಷ್ಟು ಸ್ಪಷ್ಟವಾಗುತ್ತದೆ. ಅಲ್ಲಿ ಹನನ್ಯನೆಂಬ ಪ್ರವಾದಿಯು ಎರಡೇ ವರ್ಷಗಳಲ್ಲಿ ಎಲ್ಲರೂ ಹಿಂದಿರುಗುವರೆಂದು ದೇವಾಲಯದಲ್ಲಿ ಸಾರಿ, ಬಾಬೆಲಿಗೆ ಅಧೀನರಾಗಿರಬೇಕೆಂಬುದರ ಗುರುತಾಗಿ ಯೆರೆಮೀಯನ ಹೆಗಲಿನ ಮೇಲಿದ್ದ ನೊಗವನ್ನು ಮುರಿದುಹಾಕುತ್ತಾನೆ. ಬೇಗನೆ ಎಲ್ಲವೂ ಸರಿಹೋಗುತ್ತದೆ ಎಂದದ್ದು ಸುಳ್ಳು ಪ್ರವಾದಿಯೇ. ಸಂದರ್ಭದಿಂದ ಕಿತ್ತು ತೆಗೆದಾಗ ಯೆರೆಮೀಯನ ವಚನವು ಹನನ್ಯನ ಸಂದೇಶವನ್ನೇ ಸಾರತೊಡಗುತ್ತದೆ ಎಂಬುದು ನನ್ನನ್ನು ಕಾಡುವ ವ್ಯಂಗ್ಯ. ಹಾಗಾದರೆ ಇಂದಿನ ವಿಶ್ವಾಸಿಗೆ ಆ ವಚನದಲ್ಲಿ ಪಾಲಿಲ್ಲವೇ? ಇದೆ, ಆದರೆ ನೇರವಾಗಿ ಅಲ್ಲ. ತನ್ನ ಜನರು ತಮ್ಮ ಪಾಪದ ಫಲವನ್ನು ಅನುಭವಿಸುತ್ತಿರುವಾಗಲೂ ಅವರನ್ನು ಕೈಬಿಡದ ದೇವರ ಸ್ವಭಾವ ಅಲ್ಲಿ ಕಾಣುತ್ತದೆ, ಮತ್ತು ಆ ಸ್ವಭಾವ ಬದಲಾಗಿಲ್ಲ. ಇಂಥ ಅನ್ವಯಕ್ಕೆ ಒಂದು ಸುತ್ತು ಹೆಚ್ಚು ನಡೆಯಬೇಕು.

ಸಂದರ್ಭವನ್ನು ನೋಡಲು ನಮಗೆ ಅಡ್ಡಿಯಾಗುವುದು ಬಹುಮಟ್ಟಿಗೆ ಅಧ್ಯಾಯ ಮತ್ತು ವಚನಗಳ ಸಂಖ್ಯೆಗಳು. ಇಂದು ಬಳಕೆಯಲ್ಲಿರುವ ಅಧ್ಯಾಯ ವಿಂಗಡಣೆ 13ನೆಯ ಶತಮಾನದ್ದು, ಅದನ್ನು ಸಾಮಾನ್ಯವಾಗಿ ಇಂಗ್ಲೆಂಡಿನ ಕ್ಯಾಂಟರ್ಬರಿಯ ಆರ್ಚ್‌ಬಿಷಪ್ ಸ್ಟೀಫನ್ ಲ್ಯಾಂಗ್ಟನ್ ಅವರ ಹೆಸರಿಗೆ ಸೇರಿಸುತ್ತಾರೆ. ಹೊಸ ಒಡಂಬಡಿಕೆಯ ವಚನಸಂಖ್ಯೆಗಳು ಪ್ಯಾರಿಸಿನ ಮುದ್ರಕ ರಾಬರ್ಟ್ ಎಸ್ಟಿಯೆನ್ 1551ರಲ್ಲಿ ಪ್ರಕಟಿಸಿದ ಗ್ರೀಕ್ ಆವೃತ್ತಿಯಿಂದ ಬಂದವು. ಪೌಲನಾಗಲಿ ಯೆಶಾಯನಾಗಲಿ ಇವುಗಳನ್ನು ಕಂಡವರಲ್ಲ. ಉಲ್ಲೇಖಕ್ಕೆ ಇವು ಬೇಕೇ ಬೇಕು, ಆದರೆ ಅರ್ಥಕ್ಕೆ ಇವು ಗಡಿಗಳಲ್ಲ. ಬಾಧೆಪಟ್ಟ ಸೇವಕನ ಗೀತೆ ಯೆಶಾಯ 52:13ರಲ್ಲಿ ಆರಂಭವಾಗುತ್ತದೆ, ನಾವು ಮಾತ್ರ 53ನೆಯ ಅಧ್ಯಾಯದಿಂದ ಓದುತ್ತೇವೆ. ಮತ್ತಾಯ 18:20ರಲ್ಲಿ ಇಬ್ಬರು ಮೂವರು ಕೂಡಿರುವ ಮಾತನ್ನು ಪ್ರಾರ್ಥನಾಕೂಟಕ್ಕೆ ಜನ ಕಡಿಮೆ ಬಂದಾಗ ಸಮಾಧಾನಕ್ಕೆಂದು ಬಳಸುವುದು ವಾಡಿಕೆ, ಆದರೆ ಹದಿನೈದನೆಯ ವಚನದಿಂದ ನಡೆಯುತ್ತಿರುವ ವಿಷಯವೇ ಬೇರೆ: ತಪ್ಪುಮಾಡಿದ ಸಹೋದರನನ್ನು ತಿದ್ದುವ ಕ್ರಮ, ಅದಕ್ಕೆ ಬೇಕಾದ ಇಬ್ಬರು ಮೂವರು ಸಾಕ್ಷಿಗಳು, ಸಭೆಯ ತೀರ್ಮಾನ.

ಎರಡನೆಯದು ಸಾಹಿತ್ಯಪ್ರಕಾರ. ಒಂದೇ ರಟ್ಟಿನೊಳಗೆ ಇರುವುದರಿಂದ ಎಲ್ಲವನ್ನೂ ಒಂದೇ ರೀತಿಯಲ್ಲಿ ಓದಬೇಕೆಂದು ಅನ್ನಿಸುತ್ತದೆ. ಆದರೆ ಇದು ಚರಿತ್ರೆ, ಕಟ್ಟಳೆ, ಗೀತೆ, ಜ್ಞಾನೋಕ್ತಿ, ಪ್ರವಾದನೆ, ಸುವಾರ್ತೆ, ಪತ್ರಿಕೆ, ಪ್ರಕಟನೆಗಳ ಸಂಗ್ರಹ. ಜ್ಞಾನೋಕ್ತಿ 26:4 ಮೂಢನಿಗೆ ಅವನ ಮೂರ್ಖತನಕ್ಕೆ ತಕ್ಕಂತೆ ಉತ್ತರಕೊಡಬೇಡ ಎನ್ನುತ್ತದೆ, ಐದನೆಯ ವಚನ ಕೊಡು ಎನ್ನುತ್ತದೆ. ಇವೆರಡನ್ನೂ ಕಟ್ಟಳೆಗಳೆಂದು ಓದಿದರೆ ವಿರೋಧಾಭಾಸ, ಜ್ಞಾನೋಕ್ತಿಗಳೆಂದು ಓದಿದರೆ ಎಲ್ಲಿ ಯಾವುದು ಸಲ್ಲುತ್ತದೆ ಎಂದು ವಿವೇಚಿಸುವ ತರಬೇತಿ. ಯೋಬನ ಗ್ರಂಥದಲ್ಲಿ ಮಾತನಾಡುವವರು ಯಾರೆಂದು ಗಮನಿಸುವುದು ಇನ್ನೂ ಅಗತ್ಯ, ಏಕೆಂದರೆ ಅವನ ಮೂವರು ಸ್ನೇಹಿತರ ಭಾಷಣಗಳು ಎಷ್ಟೇ ಭಕ್ತಿಪೂರ್ಣವಾಗಿ ಕಂಡರೂ ಅವರು ತನ್ನ ವಿಷಯದಲ್ಲಿ ಯುಕ್ತವಾಗಿ ಮಾತನಾಡಲಿಲ್ಲವೆಂದು 42:7ರಲ್ಲಿ ದೇವರೇ ಗದರಿಸುತ್ತಾನೆ. ಆದರೂ ಆ ಸ್ನೇಹಿತರಲ್ಲೊಬ್ಬನಾದ ಎಲೀಫಜನ ಸಾಲುಗಳನ್ನು ದೇವರ ಮಾತೆಂದು ಉದ್ಧರಿಸುವ ಪ್ರಸಂಗಗಳಿಗೇನೂ ಕೊರತೆಯಿಲ್ಲ. ಹಾಗೆಯೇ ವೃತ್ತಾಂತದಲ್ಲಿ ನಡೆದದ್ದೆಲ್ಲ ನಮಗೆ ಆಜ್ಞೆಯಲ್ಲ. ಗಿದ್ಯೋನನು ಕುರಿಯ ಉಣ್ಣೆಯನ್ನು ಕಣದಲ್ಲಿ ಹಾಸಿ ಗುರುತು ಕೇಳಿದ್ದನ್ನು ನ್ಯಾಯಸ್ಥಾಪಕರು ಗ್ರಂಥ ವರದಿ ಮಾಡುತ್ತದೆ, ನೀವೂ ಹಾಗೆ ಮಾಡಿರಿ ಎಂದು ಎಲ್ಲಿಯೂ ಹೇಳುವುದಿಲ್ಲ. ದೇವರು ಆಗಲೇ ಸ್ಪಷ್ಟವಾಗಿ ಹೇಳಿದ್ದ ಮಾತನ್ನು ನಂಬಲಾರದೆ ಅವನು ಹಾಗೆ ಕೇಳಿದನೆಂಬುದು ಕಥೆಯಲ್ಲಿಯೇ ಇದೆ.

ವ್ಯಾಖ್ಯಾನದ ಚರಿತ್ರೆಯಲ್ಲಿ ನನಗೆ ಅತ್ಯಂತ ಆಸಕ್ತಿ ಹುಟ್ಟಿಸಿದ್ದು ಒಳ್ಳೆಯ ಸಮಾರ್ಯದವನ ಸಾಮ್ಯಕ್ಕೆ, ಅಂದರೆ ದೃಷ್ಟಾಂತಕಥೆಗೆ, ಅಗಸ್ಟೀನ್ ಕೊಟ್ಟ ವಿವರಣೆ. ಕಳ್ಳರ ಕೈಗೆ ಸಿಕ್ಕಿ ಗಾಯಗೊಂಡ ದಾರಿಹೋಕನನ್ನು ಇಬ್ಬರು ನೋಡಿಯೂ ದಾಟಿಹೋದಾಗ, ಸಮಾರ್ಯದವನೊಬ್ಬನು ಆರೈಕೆ ಮಾಡಿ ಛತ್ರಕ್ಕೆ ಸೇರಿಸಿದ ಕಥೆ ಅದು. 354ರಿಂದ 430ರವರೆಗೆ ಜೀವಿಸಿದ್ದ ಈ ಮಹಾನ್ ಬೋಧಕರ ಪ್ರಕಾರ ದಾರಿಹೋಕನೇ ಆದಾಮ, ಯೆರೂಸಲೇಮು ಅವನು ಕಳೆದುಕೊಂಡ ಸ್ವರ್ಗೀಯ ಪಟ್ಟಣ, ಕಳ್ಳರು ಸೈತಾನನೂ ಅವನ ದೂತರೂ, ಸಮಾರ್ಯದವನು ಕ್ರಿಸ್ತನು, ಛತ್ರವು ಸಭೆ, ಛತ್ರದವನು ಪೌಲ. ಓದಲು ಇದು ಸೊಗಸಾಗಿದೆ, ಇದರಲ್ಲಿರುವ ಒಂದೊಂದು ಬೋಧನೆಗೂ ಸತ್ಯವೇದದ ಬೇರೆ ಕಡೆ ಆಧಾರವೂ ದೊರೆಯುತ್ತದೆ. ಕೊರತೆಯಿರುವುದು ಬೇರೆಡೆ. ಲೂಕ 10ರಲ್ಲಿ ಧರ್ಮೋಪದೇಶಕನೊಬ್ಬನು ತನ್ನ ನೆರೆಯವನು ಯಾರು ಎಂದು ಕೇಳಿದ್ದಕ್ಕೆ ಯೇಸು ಈ ಸಾಮ್ಯವನ್ನು ಹೇಳುತ್ತಾನೆ. ಮುಗಿಸಿದ ಮೇಲೆ ಆ ಮೂವರಲ್ಲಿ ಯಾರು ಗಾಯಗೊಂಡವನಿಗೆ ನೆರೆಯವನಾದನು ಎಂದು ತಿರುಗಿ ಕೇಳಿ, ನೀನೂ ಹೋಗಿ ಹಾಗೆಯೇ ಮಾಡು ಎನ್ನುತ್ತಾನೆ. ಅಗಸ್ಟೀನರ ವಿವರಣೆಯಲ್ಲಿ ಆ ಪ್ರಶ್ನೆಗೂ ಆ ಆಜ್ಞೆಗೂ ಮಾಡಲು ಕೆಲಸವೇ ಉಳಿಯುವುದಿಲ್ಲ. ಯೆಹೂದ್ಯನು ತಾನು ದ್ವೇಷಿಸುವ ಸಮಾರ್ಯದವನನ್ನು ಮಾದರಿಯಾಗಿ ಒಪ್ಪಿಕೊಳ್ಳಬೇಕಾದ ಮುಜುಗರವೂ ಮಾಯವಾಗುತ್ತದೆ. 16ನೆಯ ಶತಮಾನದಲ್ಲಿ ಸಭಾ ಸುಧಾರಕ ಕ್ಯಾಲ್ವಿನ್ ಈ ಬಗೆಯ ವಿವರಣೆಯನ್ನು ನಿರಾಕರಿಸಿದರು. ಅವರಿಗಿಂತ ಬಹಳ ಹಿಂದೆಯೇ ಅಂತಿಯೋಕ್ಯದ ವಿದ್ವಾಂಸರು ಅಲೆಕ್ಸಾಂಡ್ರಿಯದ ಗೂಢಾರ್ಥದ ಒಲವಿಗೆ ಎದುರಾಗಿ ವಾಚ್ಯಾರ್ಥದ ಪರ ನಿಂತಿದ್ದರು.

ಆದರೆ ಲೇಖಕನು ಉದ್ದೇಶಿಸಿದ್ದೇ ಅರ್ಥ ಎಂಬ ನಿಯಮವನ್ನು ತೀರ ಬಿಗಿಯಾಗಿ ಹಿಡಿದವರಿಗೂ ಹೊಸ ಒಡಂಬಡಿಕೆಯೇ ತೊಡಕು ತಂದಿಡುತ್ತದೆ. ಹೋಶೇಯ 11:1ರಲ್ಲಿ ಐಗುಪ್ತದಿಂದ ಕರೆಯಲ್ಪಟ್ಟ ಮಗನು ಇಸ್ರಾಯೇಲ್ ಜನಾಂಗ, ಅದು ನಡೆದುಹೋದ ಚರಿತ್ರೆ. ಮತ್ತಾಯ 2:15 ಅದನ್ನು ಯೇಸುವಿನ ಬಾಲ್ಯಕ್ಕೆ ಅನ್ವಯಿಸಿ ನೆರವೇರಿತು ಎನ್ನುತ್ತದೆ. ಗಲಾತ್ಯದವರಿಗೆ ಬರೆದ ಪತ್ರಿಕೆಯ 4ನೆಯ ಅಧ್ಯಾಯದಲ್ಲಿ ಪೌಲನು ಅಬ್ರಹಾಮನ ಹೆಂಡತಿ ಸಾರಳನ್ನೂ ದಾಸಿ ಹಾಗರಳನ್ನೂ ಎರಡು ಒಡಂಬಡಿಕೆಗಳೆಂದು ವಿವರಿಸುತ್ತಾನೆ. ಮತ್ತಾಯನು ಹೋಶೇಯನ ಮಾತನ್ನು ತಪ್ಪಾಗಿ ಓದಿದ್ದಾನೆಂದು ನನಗನ್ನಿಸುವುದಿಲ್ಲ. ಇಸ್ರಾಯೇಲ್ಯರು ಸೋತ ದಾರಿಯಲ್ಲಿಯೇ ಯೇಸು ಮತ್ತೆ ನಡೆದು ಗೆಲ್ಲುತ್ತಾನೆ ಎಂದು ತೋರಿಸುವುದು ಅವನ ಸುವಾರ್ತೆಯ ಮೊದಲ ನಾಲ್ಕು ಅಧ್ಯಾಯಗಳ ಉದ್ದಕ್ಕೂ ಕಾಣುವ ಯೋಜನೆ. ಐಗುಪ್ತ, ನೀರು, ಅಡವಿ, ನಾಲ್ವತ್ತು ದಿನ, ಎಲ್ಲವೂ ಅದೇ ಕ್ರಮದಲ್ಲಿ ಬರುತ್ತವೆ. ಅಪೊಸ್ತಲರು ಕಂಡ ಇಂಥ ಸಂಬಂಧಗಳನ್ನು ಒಪ್ಪಿಕೊಳ್ಳುವುದು ಬೇರೆ, ಅದೇ ಸಲುಗೆಯಿಂದ ನಾವು ಹೊಸ ಸಂಬಂಧಗಳನ್ನು ಹೆಣೆಯುವುದು ಬೇರೆ ಎಂಬ ಎಚ್ಚರ ನನಗೆ ಸರಿಯೆನಿಸುತ್ತದೆ.

ಸತ್ಯವೇದವನ್ನು ಸತ್ಯವೇದದಿಂದಲೇ ವಿವರಿಸಬೇಕು ಎಂಬ ಮಾತು ಎಲ್ಲರಿಗೂ ಗೊತ್ತು. ಅದರ ಬಳಕೆಯನ್ನು ಸೈತಾನನು ಯೇಸುವನ್ನು ಶೋಧಿಸಿದ ಪ್ರಸಂಗದಲ್ಲಿ ನೋಡಬಹುದು. ಸೈತಾನನು ಉದ್ಧರಿಸುವುದು ದೇವದೂತರು ಕಾಯುವರೆಂಬ 91ನೆಯ ಕೀರ್ತನೆಯ ಮಾತನ್ನು, ಮತ್ತು ಆ ವಚನ ನಿಜವಾದದ್ದೇ. ಯೇಸು ಅದನ್ನು ಅಲ್ಲಗಳೆಯದೆ, ದೇವರನ್ನು ಪರೀಕ್ಷಿಸಬಾರದೆಂಬ ಧರ್ಮೋಪದೇಶಕಾಂಡದ ಮಾತನ್ನು ಅದರ ಪಕ್ಕದಲ್ಲಿಟ್ಟು ಅದರ ಮಿತಿಯನ್ನು ತೋರಿಸುತ್ತಾನೆ. ಇದರ ಇನ್ನೊಂದು ಮುಖವೆಂದರೆ, 1 ಕೊರಿಂಥ 15:29ರಲ್ಲಿ ಸತ್ತವರಿಗೋಸ್ಕರ ದೀಕ್ಷಾಸ್ನಾನ ಎಂದು ಬರುವಂಥ, ಬೇರೆಲ್ಲಿಯೂ ವಿವರಣೆ ಸಿಗದ ಅಸ್ಪಷ್ಟ ವಚನವೊಂದರ ಮೇಲೆ ಬೋಧನೆಯನ್ನು ಕಟ್ಟಬಾರದು.

ಆರಂಭಿಸುವವರು ಪ್ರಕಟನೆಗೆ ಕೈಹಾಕದೆ ಫಿಲೆಮೋನನಿಗೆ ಬರೆದ ಪತ್ರಿಕೆಯಿಂದ ತೊಡಗುವುದು ಒಳ್ಳೆಯದು. ಅದರಲ್ಲಿರುವುದು 25 ವಚನಗಳು ಮಾತ್ರ, ಒಂದೇ ಉಸಿರಿನಲ್ಲಿ ಓದಬಹುದು. ಬರೆದವನು ಎಲ್ಲಿದ್ದಾನೆ, ಒನೇಸಿಮನು ಯಾರು, ಪೌಲನು ಆಜ್ಞಾಪಿಸುವ ಅಧಿಕಾರವಿದ್ದೂ ಬೇಡಿಕೊಳ್ಳುವುದೇಕೆ, ಸಾಲವನ್ನು ತನ್ನ ಲೆಕ್ಕಕ್ಕೆ ಹಾಕೆಂದು ಹೇಳುವಾಗ ಫಿಲೆಮೋನನೇ ತನಗೆ ಋಣಿಯೆಂದು ನೆನಪಿಸುವುದೇಕೆ ಎಂದು ಕೇಳುತ್ತ, ಉತ್ತರಕ್ಕೆ ಆಧಾರವಾದ ವಚನವನ್ನು ಪಕ್ಕದಲ್ಲಿ ಬರೆದುಕೊಳ್ಳಬೇಕು. ಅನಂತರ ಕೊಲೊಸ್ಸೆಯವರಿಗೆ ಬರೆದ ಪತ್ರಿಕೆಯ 4:9ನ್ನು ತೆರೆದರೆ, ನಂಬಿಗಸ್ತನಾದ ಪ್ರಿಯ ಸಹೋದರನೆಂದು ಒನೇಸಿಮನ ಹೆಸರು ಅಲ್ಲಿ ಸಿಗುತ್ತದೆ, ಅವನು ಕೊಲೊಸ್ಸೆಯವನೆಂಬುದೂ ತಿಳಿಯುತ್ತದೆ. ಫಿಲೆಮೋನನು ಕೊನೆಗೆ ಏನು ಮಾಡಿದನೆಂಬುದು ಮಾತ್ರ ಎರಡು ಪತ್ರಿಕೆಗಳಲ್ಲಿಯೂ ಇಲ್ಲ, ಆದ್ದರಿಂದ ಟಿಪ್ಪಣಿ ಪುಸ್ತಕದಲ್ಲಿ ಆ ಪ್ರಶ್ನೆಯ ಮುಂದಿನ ಜಾಗವನ್ನು ಖಾಲಿ ಬಿಡಬೇಕು.