ಶಿಂಗ್ರೋಬಾ ದಾಟಿದ ಮೇಲೆ

ನವಿ ಮುಂಬೈ ಕಡೆಯ ಕಳಂಬೋಳಿಯ ಟ್ರಾನ್ಸ್‌ಪೋರ್ಟ್ ಆಫೀಸಿನಲ್ಲಿ ನನ್ನದು ಕುರ್ಚಿ ಕೆಲಸ. ಪರ್ಮಿಟ್ಟು, ಟೋಲು, ದಿನವಿಡೀ ಫೋನು. ಆ ಸಲ, ಭಾರಿ ಮಾಲಿನ ಮುಂದೆ ದಾರಿ ಬಿಡಿಸುತ್ತ ಹೋಗುವ ಪೈಲಟ್ ಜೀಪಿನ ಹುಡುಗನಿಗೆ ಜ್ವರ ಬಂದು ನನ್ನನ್ನೇ ಹತ್ತಿಸಿದರು. ನಾವಾ ಶೇವಾ ಬಂದರಿಗೆ ಬಂದಿಳಿದ ಟ್ರಾನ್ಸ್‌ಫಾರ್ಮರು, ಪುಣೆಯ ಆಚೆಗೆ ಹೋಗಬೇಕು. ಎಣ್ಣೆ ತುಂಬದೆ, ಒಳಗೆ ಬರೀ ನೈಟ್ರೋಜನ್ ಕೂಡಿಟ್ಟು ಕಳಿಸಿದ್ದರೂ 110 ಟನ್. ಅದರ ಕೆಳಗೆ 12 ಸಾಲು ಹೈಡ್ರಾಲಿಕ್ ಆಕ್ಸಲ್, ಸಾಲಿಗೆ 8ರಂತೆ 96 ಟೈರು.

ಎಳೆಯಲು ಮುಂದೆ ಎರಡು ಪುಲ್ಲರ್, ಅಂದರೆ ಭಾರ ಎಳೆಯುವ ಲಾರಿ, ಒಂದಕ್ಕೊಂದು ಡ್ರಾಬಾರ್ ಅನ್ನುವ ಕಬ್ಬಿಣದ ದಂಡ ಕಟ್ಟಿದ್ದು. ಹಿಂದಿನಿಂದ ನೂಕಲು ಮೂರನೆಯದು. ಮೂರರ ಬೆನ್ನ ಮೇಲೂ ಕಾಂಕ್ರೀಟ್ ದಿಮ್ಮಿ. ಎಷ್ಟೋ ವರ್ಷ ಅದು ಬೇರೆ ಯಾರದೋ ಮಾಲು, ಹೇಗೂ ಹೋಗ್ತಿದೆಯಲ್ಲ ಅಂತ ಹಾಕಿದ್ದಾರೆ ಎಂದುಕೊಂಡಿದ್ದೆ! ಬೆನ್ನ ಮೇಲೆ ಭಾರವಿಲ್ಲದಿದ್ದರೆ ಪುಲ್ಲರ್‌ನ ಟೈರು ಏರಿನಲ್ಲಿ ನಿಂತಲ್ಲೇ ಗರಗರ ತಿರುಗುತ್ತದೆ, ರಸ್ತೆಗೆ ಕಚ್ಚುವುದಿಲ್ಲ.

ಖೋಪೋಲಿ ಬಿಟ್ಟಾಗ ರಾತ್ರಿ ಒಂದು ಗಂಟೆ. ಮುಂಬೈ-ಪುಣೆ ನಡುವಿನ ಬೋರ್ ಘಾಟಿನ ಹಳೇ ರಸ್ತೆ. ನಮ್ಮ ವೇಗ ಎಷ್ಟೆಂದರೆ, ಗುಟಕಾ ಹಿಡಿದ ಹುಡುಗರು ಪಕ್ಕದಲ್ಲಿ ನಡೆಯುತ್ತಲೇ ಬೀಡಿ ಹಚ್ಚಿಕೊಳ್ಳುತ್ತಿದ್ದರು. ಗುಟಕಾ ಅಂದರೆ ಬಾಯಿಗೆ ಹಾಕುವುದಲ್ಲ, ಗಾಲಿಗೆ ಅಡ್ಡ ಕೊಡುವ ಮರದ ತುಂಡು. ಹಿಂದೆ ಇನ್ನೊಬ್ಬ, ಕೊರಳಿಗೆ ರಿಮೋಟ್ ಪೆಟ್ಟಿಗೆ ತೂಗುಹಾಕಿಕೊಂಡು, ತಿರುವು ಬಂದಾಗಲೆಲ್ಲ ಟ್ರೇಲರಿನ ಗಾಲಿ ಹೊರಳಿಸುತ್ತಿದ್ದ.

ಮೊದಲ ಪುಲ್ಲರ್ ನಮ್ಮ ಇಂಡಿ ತಾಲೂಕಿನವನ ಕೈಯಲ್ಲಿತ್ತು. ಶಿಂಗ್ರೋಬಾ ಗುಡಿ ಬಂತು. ಇಂಗ್ಲಿಷರಿಗೆ ಘಾಟಿನ ದಾರಿ ತೋರಿಸಿ ಕೊನೆಗೆ ಅವರ ಕೈಯಲ್ಲೇ ಸತ್ತ ಧನಗರ ಕುರಿಗಾಹಿ ಅಂತ ಕತೆ. ಡ್ರೈವರುಗಳು ಇವತ್ತಿಗೂ ನಾಣ್ಯ ಒಗೆಯದೆ ಮುಂದೆ ಹೋಗುವುದಿಲ್ಲ. "ನಮ್ ಕುರುಬರಾಂವರಿ ಇಂವ" ಅಂತ ವಾಕಿಟಾಕಿಯಲ್ಲಿ ಹೇಳಿ ಈತ ಹತ್ತರ ನಾಣ್ಯ ಒಗೆದ. ಗಾಡಿ ನಿಲ್ಲಿಸಲಿಲ್ಲ. ಏರಿನಲ್ಲಿ ನಿಂತರೆ ಮತ್ತೆ ಎಬ್ಬಿಸುವುದು ದೇವರಿಗೂ ಕಷ್ಟ.

ಎರಡು ತಿರುವು ದಾಟಿರಬೇಕು. ಯಾವುದೋ ಲಾರಿ ಡೀಸೆಲ್ ಚೆಲ್ಲಿಕೊಂಡು ಹೋಗಿತ್ತು. ಮೊದಲ ಪುಲ್ಲರ್ ಟೈರು ಜಾರಿ ಚೀರತೊಡಗಿತು, ಸುಟ್ಟ ರಬ್ಬರಿನ ನಾತ ಜೀಪಿನೊಳಗೇ ಬಂತು. ವಾಕಿಟಾಕಿಯಲ್ಲಿ ಇಂಡಿಯವನ ಕೂಗು: "ತಡೀ! ತಡೀಲೇ!"

ಹಿಂದಿನಿಂದ ನೂಕುತ್ತಿದ್ದವನು ಉತ್ತರ ಪ್ರದೇಶದ ಜೌನ್‌ಪುರದವನು. ಅವನಿಗೆ ಕೇಳಿಸಿದ್ದು "ತಗಡಾ." ಜೋರಾಗಿ ನೂಕು ಅನ್ನುತ್ತಿದ್ದಾರೆ ಅಂತ ಇನ್ನಷ್ಟು ಒತ್ತಿದ. ಮುಂದೆ ಹಿಡಿತವಿಲ್ಲ, ಹಿಂದಿನಿಂದ ಒತ್ತಡ. ನಡುವಿನ ಪುಲ್ಲರ್ ಸೊಂಟ ಮುರಿದವರ ಹಾಗೆ ಕಟ್ಟೆಯ ಕಡೆ ಓರೆಯಾಯಿತು. ಕಟ್ಟೆಯಾಚೆ ಬರೀ ಕತ್ತಲು. ನಾನು ಸೆಟ್ ಕಿತ್ತುಕೊಂಡು "ರೋಕೋ, ರೋಕೋ" ಅಂತ ಕಿರುಚಿದೆ. ಏರ್ ಬ್ರೇಕಿನ ಬುಸ್ ಸದ್ದು. ಟ್ರೇಲರು ಒಂದು ಗೇಣು ಹಿಂದೆ ಸರಿಯಿತು. ಅಷ್ಟರಲ್ಲಿ ಇಬ್ಬರು ಹುಡುಗರು ಬಗ್ಗಿ ಗುಟಕಾ ಒದ್ದಿದ್ದರು. ಮರ ಕಿರ್ರೆಂದಿತು. ಆಮೇಲೆ ಎಲ್ಲ ನಿಶ್ಶಬ್ದ.

ಮಣ್ಣು ಚೆಲ್ಲಿ, ಗೋಣಿತಾಟು ಹಾಸಿ, ಮೂವರೂ ಒಟ್ಟಿಗೆ ಗೇರು ಹಾಕಿ ಎಬ್ಬಿಸುವಷ್ಟರಲ್ಲಿ ಒಂದೂವರೆ ಗಂಟೆ ಹೋಯಿತು. ಹಿಂದೆ ಹಾರನ್ನಿನ ಜಾತ್ರೆ. ಕಾರಿನವನೊಬ್ಬ ಇಳಿದು ಬಂದು "ಸ್ವಲ್ಪ ಪಕ್ಕಕ್ಕೆ ತಗೊಳ್ಳಿ" ಅಂದ. 2019ರಲ್ಲಿ ಇಂಥದ್ದೇ ಟ್ರೇಲರಿನ ಮೇಲೆ ಬೆಂಗಳೂರಿಗೆ ಬಂದ ಏಕಶಿಲೆಯ ಕೋದಂಡರಾಮನ ವಿಗ್ರಹದ ಹಿಂದೆ ಸಿಕ್ಕಿಕೊಂಡವರೂ ಹೀಗೇ ಅಂದಿರಬೇಕು.

ಲೋಣಾವಳ ದಾಟಿ ನಿಲ್ಲಿಸಿದಾಗ ಬೆಳಕು ಹರಿದಿತ್ತು. ಟ್ರಾನ್ಸ್‌ಫಾರ್ಮರಿಗೆ ಏಟು ಬಿದ್ದರೆ ಬರೆದಿಡುವ ರೆಕಾರ್ಡರನ್ನು ಅದರ ಜೊತೆ ಬಂದ ಇಂಜಿನಿಯರು ಟಾರ್ಚು ಹಿಡಿದು ನೋಡಿದ, ತಲೆಯಾಡಿಸಿದ, ಚಹಾ ಕೇಳಿದ.

"ತಡಿ ಬೋಲೇ ತೋ ಕ್ಯಾ?" ಜೌನ್‌ಪುರದವನು ನನ್ನನ್ನು ಕೇಳಿದ. ಹೇಳಿದೆ. ಅವನು ಇಂಡಿಯವನ ಕಡೆ ತಿರುಗಿ, ಹಿಂದಿಯಲ್ಲಿ ಹೇಳಬಾರದಿತ್ತಾ ಅಂತ ಜಗಳಕ್ಕೇ ನಿಂತ.

"ಜೀವಾ ಬಾಯಿಗೆ ಬಂದಾಗ ಹಿಂದಿ ಎಲ್ಲಿ ನೆನಪಾಕ್ಕೈತ್ರಿ" ಎಂದು ಇವನು ನನಗೆ ಹೇಳಿದ, ಅವನಿಗಲ್ಲ.

ಗುಟಕಾ ಹುಡುಗ ಆಗಲೇ ಟ್ರೇಲರಿನ ನೆರಳಲ್ಲಿ ಮಲಗಿಬಿಟ್ಟಿದ್ದ. ತಲೆದಿಂಬಿಗೆ ಅದೇ ಮರದ ತುಂಡು. ಅದರ ಒಂದು ಮಗ್ಗುಲು ಸೀಳಿತ್ತು. ಟೈರಿನ ಅಚ್ಚು ಕಪ್ಪಗೆ ಅಷ್ಟು ಆಳಕ್ಕೆ ಇಳಿದಿತ್ತು, ಬೆರಳಿಟ್ಟು ನೋಡಿದೆ, ಉಗುರು ಮುಳುಗಿತು.